ಒಬ್ಬರೇ ನಾಯಕ, ಮೂರು ಸಮೀಕ್ಷೆ, ಮೂರು ಅಂಕಿ: ಯಾವುದನ್ನು ನಂಬೋದು?

ಪುಸ್ತಕದಹುಳ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ದೇಶದ ನಾಯಕರನ್ನು ಜನ ಎಷ್ಟು ಮೆಚ್ಚಿದ್ದಾರೆ ಅನ್ನೋದನ್ನು ಸಮೀಕ್ಷೆಗಳು ಹೇಗೆ ಅಳೆಯುತ್ತವೆ ಅನ್ನೋದು ವಿಷಯ. ಓದುತ್ತಾ ಹೋದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಬ್ಬರೇ ನಾಯಕ, ಹೆಚ್ಚುಕಡಿಮೆ ಒಂದೇ ವಾರ. ಆದರೂ ಒಂದು ಸಂಸ್ಥೆ ಅರ್ಧಕ್ಕಿಂತ ಕಡಿಮೆ ಜನ ಮೆಚ್ಚಿದ್ದಾರೆ ಅನ್ನುತ್ತೆ. ಇನ್ನೊಂದು ಅರ್ಧಕ್ಕಿಂತ ಜಾಸ್ತಿ ಅನ್ನುತ್ತೆ. ಮೂರನೆಯದು ಎರಡರ ನಡುವೆ ಎಲ್ಲೋ ನಿಲ್ಲುತ್ತೆ. ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಲೇಬೇಕು ಅಲ್ವಾ?

ಇನ್ನೊಂದು ಪ್ರಶ್ನೆ. ಸಾವಿರ, ಎರಡು ಸಾವಿರ ಜನರನ್ನು ಕೇಳಿ ಕೋಟಿಗಟ್ಟಲೆ ಜನರ ಮನಸ್ಸನ್ನು ಹೇಳೋದು ಹೇಗೆ? ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ನೇರಮಾತು:

ಸಮೀಕ್ಷೆ ಅಂದರೆ ಯಾರೋ ದುಡ್ಡು ಕೊಟ್ಟು ಮಾಡಿಸೋದು. ದುಡ್ಡು ಕೊಟ್ಟವರಿಗೆ ಬೇಕಾದ ಅಂಕಿ ಬರುತ್ತೆ. ನನ್ನನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ, ನನಗೆ ಗೊತ್ತಿರುವ ಯಾರನ್ನೂ ಕೇಳಿಲ್ಲ. ನಂಬೋಕೆ ಕಾರಣವೇ ಕಾಣಿಸುತ್ತಿಲ್ಲ.

ಲೆಕ್ಕದಮೇಷ್ಟ್ರು:

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಮೊದಲನೆಯದನ್ನು ಫೀಲ್ಡ್‌ನಲ್ಲಿ ಕೆಲಸ ಮಾಡಿದವರು ಹೇಳಲಿ.

ದೇಶದಲ್ಲಿ ಒಂದು ಕೋಟಿ ಜನ ಇರಲಿ, ನೂರು ಕೋಟಿ ಇರಲಿ, ಲೆಕ್ಕ ಹೆಚ್ಚುಕಡಿಮೆ ಒಂದೇ. ಎಲ್ಲರಿಗೂ ಸಮಾನ ಅವಕಾಶ ಇರುವ ಹಾಗೆ ಚೀಟಿ ಎತ್ತಿ 1000 ಜನರನ್ನು ಕೇಳಿದರೆ, 20ರಲ್ಲಿ 19 ಸಲ ಸಿಗುವ ಉತ್ತರ ನಿಜವಾದ ಅಂಕಿಗಿಂತ ಸುಮಾರು 3 ಅಂಶ (ಅಂದರೆ ನೂರಕ್ಕೆ 3) ಮೇಲೆ ಅಥವಾ ಕೆಳಗೆ, ಅಷ್ಟರೊಳಗೇ ಇರುತ್ತೆ. 4000 ಜನರನ್ನು ಕೇಳಿದರೆ ಆ 3 ಅನ್ನೋದು 1.5 ಆಗುತ್ತೆ. ನಾಲ್ಕು ಪಟ್ಟು ಕೆಲಸ ಮಾಡಿದರೂ ತಪ್ಪು ಅರ್ಧ ಮಾತ್ರ ಇಳಿಯಿತು. ಅದಕ್ಕೇ ಬಹಳ ಸಂಸ್ಥೆಗಳು ಸಾವಿರ, ಎರಡು ಸಾವಿರಕ್ಕೆ ನಿಲ್ಲಿಸುತ್ತವೆ. ನೇರಮಾತು ಅವರನ್ನು ಯಾರೂ ಕೇಳದೇ ಇರೋದಕ್ಕೂ ಇದೇ ಕಾರಣ. ಕೋಟಿ ಜನರಲ್ಲಿ ಸಾವಿರ ಜನರನ್ನು ಆರಿಸಿದರೆ ನಿಮ್ಮ ಸರದಿ ಬರುವ ಅವಕಾಶ 10 ಸಾವಿರಕ್ಕೆ ಒಂದು.

ಒಂದು ಮಾತನ್ನು ಲೇಖನದಲ್ಲಿ ಖಂಡಿತ ಬರೆಯಿರಿ. ಹೋದ ತಿಂಗಳು 48, ಈ ತಿಂಗಳು 45 ಬಂದರೆ 'ಜನಪ್ರಿಯತೆ ಕುಸಿತ' ಅಂತ ದೊಡ್ಡ ಶೀರ್ಷಿಕೆ ಬರುತ್ತೆ. ಎರಡೂ ಸಮೀಕ್ಷೆ ಸಾವಿರ ಜನರದ್ದಾಗಿದ್ದರೆ, ಎರಡರ ನಡುವಿನ ವ್ಯತ್ಯಾಸಕ್ಕೆ 4 ಅಂಶಕ್ಕೂ ಜಾಸ್ತಿ ಅನುಮಾನ ಇರುತ್ತೆ. ಹಾಗಾಗಿ ಈ 3 ಅಂಶದ ಇಳಿಕೆ ಏನನ್ನೂ ಸಾಬೀತು ಮಾಡೋದಿಲ್ಲ. ಅದೇ ಸಮೀಕ್ಷೆಯಲ್ಲಿ 'ಯುವಕರಲ್ಲಿ ಹೀಗೆ, ಹೆಂಗಸರಲ್ಲಿ ಹಾಗೆ' ಅಂತ ಒಡೆದು ತೋರಿಸುತ್ತಾರಲ್ಲ, ಅಲ್ಲಿ ಇನ್ನೂ ಹುಷಾರು. 200 ಜನರ ಗುಂಪು ಅಂದರೆ 7 ಅಂಶ ಆಚೆ ಈಚೆ.

ಇದೆಲ್ಲ ಚೀಟಿ ಎತ್ತುವ ಕೆಲಸ ಸರಿಯಾಗಿ ನಡೆದಿದ್ದರೆ ಮಾತ್ರ.

ಬಾಗಿಲುತಟ್ಟಿದವಳು:

ಮೇಷ್ಟ್ರು ಕೊನೆಯ ಸಾಲಿನಲ್ಲಿ ಹೇಳಿದ್ದೇ ನನ್ನ ಕೆಲಸವಾಗಿತ್ತು. ಹಲವು ವರ್ಷ ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗಿದ್ದೇನೆ. ಆಮೇಲೆ ಬೇರೆಯವರು ತಂದ ಹಾಳೆಗಳನ್ನು ಪರಿಶೀಲಿಸುವ ಕೆಲಸ ಮಾಡಿದೆ. ಪುಸ್ತಕದಹುಳ ಅವರೇ, ಯಾರೂ ಸುಳ್ಳು ಹೇಳದೆಯೇ ಮೂರು ಬೇರೆ ಬೇರೆ ಅಂಕಿ ಬರಬಹುದು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನೂರು ಜನರಲ್ಲಿ 46 ಜನ ನಾಯಕರ ಕೆಲಸ ಮೆಚ್ಚಿದ್ದಾರೆ. 38 ಜನ ಮೆಚ್ಚಿಲ್ಲ. 16 ಜನ 'ಗೊತ್ತಿಲ್ಲ' ಅಂದಿದ್ದಾರೆ. ಮೊದಲ ಸಂಸ್ಥೆ ಇದ್ದದ್ದನ್ನು ಇದ್ದ ಹಾಗೆ 46 ಅಂತ ಹಾಕುತ್ತೆ. ಎರಡನೆಯದು ಆ 16 ಜನರನ್ನು ಲೆಕ್ಕದಿಂದ ತೆಗೆದುಬಿಡುತ್ತೆ. ಉಳಿದ 84ರಲ್ಲಿ 46 ಅಂದರೆ ಶೇ. 55. ಮೂರನೆಯದು 'ಗೊತ್ತಿಲ್ಲ' ಅನ್ನುವ ಆಯ್ಕೆಯನ್ನೇ ಕೊಡೋದಿಲ್ಲ, 'ಹೆಚ್ಚುಕಡಿಮೆ ಯಾವ ಕಡೆ ಹೇಳಿ' ಅಂತ ಒತ್ತಾಯ ಮಾಡುತ್ತೆ. ಆ 16 ಜನರಲ್ಲಿ 6 ಜನ ಈ ಕಡೆ, 10 ಜನ ಆ ಕಡೆ ಹೋದರೆ 52. ಜನ ಅವರೇ, ಅಭಿಪ್ರಾಯವೂ ಅದೇ. ಅರ್ಧಕ್ಕಿಂತ ಕಡಿಮೆ ಅನ್ನೋ ಶೀರ್ಷಿಕೆಯೂ ಬಂತು, ಅರ್ಧಕ್ಕಿಂತ ಜಾಸ್ತಿ ಅನ್ನೋದೂ ಬಂತು.

ಆ 16 ಜನರ ಮನೆಗೆ ನಾನು ಹೋಗಿದ್ದೇನೆ. ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 'ಗೊತ್ತಿಲ್ಲ' ಅಂದವರೆಲ್ಲ ಏನೂ ತಿಳಿಯದವರು ಅಂತ ಕಚೇರಿಯಲ್ಲಿ ಕೂತವರು ಅಂದುಕೊಳ್ಳುತ್ತಾರೆ. ನಾನು ಕಂಡವರು ಹಾಗಿರಲಿಲ್ಲ. ಕೆಲವರಿಗೆ ನಾಯಕರ ಒಂದು ಕೆಲಸ ಇಷ್ಟ, ಇನ್ನೊಂದು ಕಂಡರೆ ಆಗೋದಿಲ್ಲ. ಎರಡನ್ನೂ ಕೂಡಿಸಿ ಒಂದೇ ಉತ್ತರ ಕೊಡು ಅಂದರೆ ಅವರ ಬಾಯಿ ಕಟ್ಟುತ್ತೆ. ಕೆಲವರು ಇಂಥ ಮಾತನ್ನು ಗುರುತಿಲ್ಲದವರ ಮುಂದೆ ಆಡಬಾರದು ಅಂತ ಬೆಳೆದವರು. ಇನ್ನು ಕೆಲವು ಹೆಂಗಸರು ಮೊದಲು 'ನನಗೇನು ಗೊತ್ತು' ಅನ್ನುತ್ತಾರೆ. ಅವಸರ ಮಾಡದೆ ಸುಮ್ನೆ ಕಾದರೆ ಬೆಲೆ ಏರಿದ್ದು, ಮಗನಿಗೆ ಕೆಲಸ ಸಿಗದೇ ಇರೋದು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾರೆ. ಅದು ಅಭಿಪ್ರಾಯ ಅಲ್ಲದೆ ಇನ್ನೇನು? ಆದರೆ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. 'ಗೊತ್ತಿಲ್ಲ' ಜಾಸ್ತಿ ತಂದರೆ ಕೆಲಸ ಸರಿಯಾಗಿ ಮಾಡಿಲ್ಲ ಅಂತ ಮೇಲಿನವರು ಬೈಯುವ ಜಾಗಗಳೂ ಇವೆ. ಆಗ ಹುಡುಗರು ಹುಡುಗಿಯರು ಒತ್ತಾಯ ಮಾಡಿ ಯಾವುದಾದರೂ ಒಂದು ಖಾನೆ ತುಂಬಿಸಿಕೊಂಡು ಬರುತ್ತಾರೆ. ಯಾವ ಸಮೀಕ್ಷೆ ನೋಡಿದರೂ ನಾನು ಮೊದಲು ಹುಡುಕೋದು 'ಗೊತ್ತಿಲ್ಲ' ಎಷ್ಟು ಅಂತ. ಅದನ್ನು ಮುದ್ರಿಸದವರ ಅಂಕಿಯನ್ನು ನಾನು ಪಕ್ಕಕ್ಕೆ ಇಡುತ್ತೇನೆ.

ಆಮೇಲೆ ಪ್ರಶ್ನೆ. ಅಮೆರಿಕದ ಗ್ಯಾಲಪ್ ಸಂಸ್ಥೆ 1940ರ ದಶಕದ ಅಧ್ಯಕ್ಷ ಟ್ರೂಮನ್ ಕಾಲದಿಂದ ಹಲವು ದಶಕ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿಕೊಂಡು ಬಂದಿತ್ತು: ಅಧ್ಯಕ್ಷರು ತಮ್ಮ ಕೆಲಸ ನಿಭಾಯಿಸುತ್ತಿರುವ ರೀತಿಯನ್ನು ಒಪ್ಪುತ್ತೀರಾ, ಒಪ್ಪುವುದಿಲ್ಲವಾ? ಹ್ಯಾರಿಸ್ ಸಂಸ್ಥೆ ಬಹಳ ಕಾಲ ನಾಲ್ಕು ಉತ್ತರ ಕೊಡುತ್ತಿತ್ತು: ಅತ್ಯುತ್ತಮ, ಚೆನ್ನಾಗಿದೆ, ಸಾಧಾರಣ, ಕಳಪೆ. ಅದರಲ್ಲಿ 'ಸಾಧಾರಣ' ಅಂದವರನ್ನು ಮೆಚ್ಚದವರ ಕಡೆ ಸೇರಿಸುತ್ತಿತ್ತು. ಗ್ಯಾಲಪ್ ಕೇಳಿದ್ದರೆ ಅವರಲ್ಲಿ ಎಷ್ಟೋ ಜನ 'ಒಪ್ಪುತ್ತೇನೆ' ಅಂದಿರುತ್ತಿದ್ದರು. ನಡುವಿನ ಉತ್ತರವನ್ನು ಯಾವ ಕಡೆ ಎಳೆದರು ಅನ್ನೋದರ ಮೇಲೆ ಒಬ್ಬ ನಾಯಕ ಜನಪ್ರಿಯ ಆಗಬಹುದು, ಆಗದೇ ಇರಬಹುದು. ಪ್ರಶ್ನೆಗಳ ಸಾಲೂ ಮುಖ್ಯ. ಬೆಲೆ ಏರಿಕೆ, ನಿರುದ್ಯೋಗ, ಭ್ರಷ್ಟಾಚಾರ ಅಂತ ಹತ್ತು ಪ್ರಶ್ನೆ ಕೇಳಿ ಆಮೇಲೆ 'ನಾಯಕರ ಬಗ್ಗೆ ಏನಂತೀರಿ' ಅಂದರೆ ಮನುಷ್ಯ ಆಗಲೇ ಸಿಟ್ಟಿನಲ್ಲಿರುತ್ತಾನೆ. ಯುದ್ಧದಲ್ಲಿ ಗೆದ್ದ ವಿಷಯದಿಂದ ಶುರು ಮಾಡಿದರೆ ಉಲ್ಟಾ.

ಮೂರನೆಯದು, ಯಾರನ್ನು ಕೇಳಿದರು ಅನ್ನೋದು. ಬಾಗಿಲು ತಟ್ಟಿದಾಗ ತೆರೆದವರನ್ನೇ ಕೇಳಿದರೆ ಹಗಲು ಮನೆಯಲ್ಲಿರುವವರೇ ಜಾಸ್ತಿ ಸಿಗುತ್ತಾರೆ. ಅದಕ್ಕೆ ಮನೆಯವರ ಪಟ್ಟಿ ಮಾಡಿ, ಒಂದು ಕೋಷ್ಟಕ ನೋಡಿ ಯಾರನ್ನು ಕೇಳಬೇಕು ಅಂತ ಆರಿಸುತ್ತೇವೆ. ಲೆಸ್ಲಿ ಕಿಶ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1949ರಲ್ಲಿ ಕೊಟ್ಟ ವಿಧಾನ ಇದು. ಇನ್ನೂ ಸುಲಭದ್ದು ಅಂದರೆ, ಈ ಮನೆಯ ದೊಡ್ಡವರಲ್ಲಿ ಎಲ್ಲರಿಗಿಂತ ಈಚೆಗೆ ಯಾರ ಹುಟ್ಟಿದ ಹಬ್ಬ ಬಂತೋ ಅವರನ್ನೇ ಕೇಳೋದು. ಆರಿಸಿದವರು ಮನೆಯಲ್ಲಿ ಇಲ್ಲದಿದ್ದರೆ ಮತ್ತೆ ಹೋಗಬೇಕು, ಸಂಜೆ ಹೋಗಬೇಕು, ರಜೆಯ ದಿನ ಹೋಗಬೇಕು. ಪಕ್ಕದ ಮನೆಯವರನ್ನು ಹಿಡಿದು ಮುಗಿಸೋ ಹಾಗಿಲ್ಲ. ದುಡ್ಡು ಖರ್ಚಾಗೋದು ಇಲ್ಲೇ. ಅಗ್ಗದ ಸಮೀಕ್ಷೆ ಕತ್ತರಿ ಹಾಕೋದೂ ಇಲ್ಲೇ.

ಸಂಖ್ಯೆ ದೊಡ್ಡದಿದ್ದರೆ ಸಾಕು ಅಂದುಕೊಂಡವರಿಗೆ 1936ರ ಕಥೆ ಇದೆ. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿತು. ಸುಮಾರು 23 ಲಕ್ಷ ವಾಪಸ್ ಬಂದವು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಕಾರು, ಫೋನು ಇದ್ದವರು ಯಾರು ಅಂತ ಯೋಚಿಸಿ. ಅದರ ಜೊತೆಗೆ ಕಾರ್ಡ್ ತುಂಬಿ ವಾಪಸ್ ಕಳಿಸುವಷ್ಟು ಹುರುಪು ಇದ್ದವರೂ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ. ಗ್ಯಾಲಪ್ ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲ್ಲುತ್ತಾರೆ ಅಂತ ಸರಿಯಾಗಿ ಹೇಳಿದ್ದರು.

ಈಗಿನ ಕಷ್ಟ ಇನ್ನೊಂದು. ಫೋನ್ ಮಾಡಿದರೆ ಜನ ಎತ್ತೋದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು. 2018ಕ್ಕೆ ಅದು 6ಕ್ಕೆ ಇಳಿಯಿತು. ಸಿಕ್ಕವರಲ್ಲಿ ವಯಸ್ಸಾದವರು ಜಾಸ್ತಿ ಇದ್ದರೆ ಅವರ ಉತ್ತರದ ತೂಕ ಕಡಿಮೆ ಮಾಡಿ, ಚಿಕ್ಕವರ ಉತ್ತರದ ತೂಕ ಜಾಸ್ತಿ ಮಾಡಿ ಸರಿದೂಗಿಸುತ್ತಾರೆ. ಯಾವುದಕ್ಕೆ ಎಷ್ಟು ತೂಕ ಅನ್ನೋದನ್ನು ಒಂದೊಂದು ಸಂಸ್ಥೆ ಒಂದೊಂದು ಥರ ತೀರ್ಮಾನ ಮಾಡುತ್ತೆ. ಆನ್‌ಲೈನ್ ಸಮೀಕ್ಷೆ ಆದರೆ ಇಂಟರ್ನೆಟ್ ಬಳಸದವರು ಹೊರಗೇ ಉಳಿದರು. ಮಾರ್ನಿಂಗ್ ಕನ್ಸಲ್ಟ್ ಸಂಸ್ಥೆ ಹಲವು ದೇಶಗಳ ನಾಯಕರ ಮೆಚ್ಚುಗೆಯನ್ನು ಒಂದೇ ಪಟ್ಟಿಯಲ್ಲಿ ಹಾಕುತ್ತಲ್ಲ, ಅದು ಆನ್‌ಲೈನ್. ಭಾರತದ ಮಾದರಿ ಅಕ್ಷರಸ್ಥರನ್ನು ಮಾತ್ರ ಪ್ರತಿನಿಧಿಸುತ್ತೆ ಅಂತ ಅವರೇ ಅಡಿಯಲ್ಲಿ ಬರೆಯುತ್ತಾರೆ. ಅದು ಪ್ರಾಮಾಣಿಕ ಕೆಲಸ. ಆದರೆ ಆ ಸಾಲನ್ನು ಬಿಟ್ಟು ಬರೀ ಪಟ್ಟಿಯನ್ನು ಎತ್ತಿ ಹಾಕುವವರು ಓದುಗರಿಗೆ ಅನ್ಯಾಯ ಮಾಡುತ್ತಾರೆ.

ಹಾಗಾದರೆ ಏನು ಮಾಡೋದು? ಬೇರೆ ಬೇರೆ ಸಂಸ್ಥೆಗಳ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಜಗಳ ಹಚ್ಚಬೇಡಿ. ಒಂದೇ ಸಂಸ್ಥೆಯ ಹಳೆಯ ಅಂಕಿ, ಹೊಸ ಅಂಕಿ ನೋಡಿ. ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸುತ್ತಿದ್ದರೂ ನೀವು ದಪ್ಪ ಆದಿರೋ ಸಣ್ಣ ಆದಿರೋ ಅನ್ನೋದನ್ನು ಸರಿಯಾಗೇ ಹೇಳುತ್ತೆ. ಮೂರು ಸಂಸ್ಥೆಗಳ ಮಟ್ಟ ಬೇರೆ ಇದ್ದರೂ, ಮೂರೂ ಒಂದೇ ಸಮಯಕ್ಕೆ ಇಳಿಯುತ್ತಿದ್ದರೆ ಇಳಿಕೆ ನಿಜ.

ಪುಸ್ತಕದಹುಳ:

ಮೇಡಂ, ತುಂಬಾ ಥ್ಯಾಂಕ್ಸ್. 46, 55, 52ರ ಲೆಕ್ಕವನ್ನು ಹಾಗೇ ಲೇಖನದಲ್ಲಿ ಬಳಸಿಕೊಳ್ಳಲಾ? ಇನ್ನೊಂದು ವಿಷಯ. ಹೆದರಿಕೆಯಿಂದ 'ಮೆಚ್ಚುತ್ತೇನೆ' ಅನ್ನುವವರೂ ಇರುತ್ತಾರಲ್ಲ? ನಾಯಕನನ್ನು ಟೀಕಿಸೋದೇ ಅಪಾಯ ಇರುವ ದೇಶದಲ್ಲಿ ಈ ಅಂಕಿಗೆ ಏನು ಬೆಲೆ?

ಬಾಗಿಲುತಟ್ಟಿದವಳು:

ಧಾರಾಳವಾಗಿ ಬಳಸಿಕೊಳ್ಳಿ. ಲೆಕ್ಕಕ್ಕೆ ಮಾಡಿಕೊಂಡ ಅಂಕಿ ಅಂತ ಒಂದು ಮಾತು ಹಾಕಿ.

ಹೆದರಿಕೆ ವಿಷಯ. ಅಷ್ಟು ದೊಡ್ಡ ಅಪಾಯ ಇಲ್ಲದ ಕಡೆಯೂ ಸಂದರ್ಶನದ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಬಂದು ನಿಂತರೆ ಉತ್ತರ ಬದಲಾಗೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ನಾಲ್ಕು ಪ್ರಶ್ನೆಗೆ ಬಿಡಿಸಿ ಮಾತಾಡಿದವರು ಐದನೆಯದಕ್ಕೆ ಪಕ್ಕದವರ ಮುಖ ನೋಡುತ್ತಾರೆ. ಆಮೇಲೆ ಉತ್ತರ ಬರೀ ಹೌದು, ಇಲ್ಲ. ಸಂದರ್ಶನದ ಹೊತ್ತಿಗೆ ಬೇರೆ ಯಾರು ಇದ್ದರು ಅಂತ ಬರೆದುಕೊಳ್ಳಲು ಹಾಳೆಯ ಕೊನೆಯಲ್ಲಿ ಒಂದು ಖಾನೆ ಇರುತ್ತೆ. ಅದನ್ನು ತುಂಬಿ ಅಂತ ನಾನು ನನ್ನ ತಂಡಕ್ಕೆ ಬಹಳ ಒತ್ತಿ ಹೇಳುತ್ತಿದ್ದೆ. ಭಾರತದಲ್ಲಿ ಸಿಎಸ್‌ಡಿಎಸ್ ಅನ್ನುವ ದೆಹಲಿಯ ಸಂಶೋಧನಾ ಸಂಸ್ಥೆಯ ಲೋಕನೀತಿ ತಂಡ ತನ್ನ ಚುನಾವಣಾ ಅಧ್ಯಯನಗಳಲ್ಲಿ ಮತದ ಪ್ರಶ್ನೆಯನ್ನು ಬಾಯಿ ಮಾತಿನಲ್ಲಿ ಕೇಳುವ ಬದಲು ನಕಲಿ ಮತಪತ್ರ ಕೊಟ್ಟು, ಗುರುತು ಹಾಕಿ ಪೆಟ್ಟಿಗೆಗೆ ಹಾಕಿಸುವ ಕ್ರಮ ಬಳಸಿದೆ. ಕೇಳುವವರಿಗೂ ಉತ್ತರ ಕಾಣಿಸೋದಿಲ್ಲ. ನನಗೆ ಬಹಳ ಇಷ್ಟವಾದ ಉಪಾಯ ಅದು.

ಇನ್ನೂ ಕಠಿಣ ಜಾಗಕ್ಕೆ ರಷ್ಯಾ ಒಳ್ಳೆಯ ಉದಾಹರಣೆ. ಅಲ್ಲಿ ಲೆವಾಡಾ ಕೇಂದ್ರ ಅಂತ ಒಂದು ಸ್ವತಂತ್ರ ಸಂಸ್ಥೆ ಇದೆ. 2016ರಲ್ಲಿ ಸರ್ಕಾರ ಅದಕ್ಕೆ 'ವಿದೇಶಿ ಏಜೆಂಟ್' ಅಂತ ಹಣೆಪಟ್ಟಿ ಹಚ್ಚಿತು. ಅಂಥ ಸಂಸ್ಥೆಯ ಸಮೀಕ್ಷೆಯಲ್ಲೇ ಪುಟಿನ್ ಮೆಚ್ಚುಗೆ 2014ರ ಜನವರಿಯಲ್ಲಿ 65 ಇದ್ದದ್ದು, ಕ್ರಿಮಿಯಾ ವಶಪಡಿಸಿಕೊಂಡ ಮೇಲೆ, ಅಕ್ಟೋಬರ್ ಹೊತ್ತಿಗೆ 88 ಆಯಿತು. ಇದು ನಿಜವಾ, ಹೆದರಿಕೆಯಾ? ಕೆಲವು ರಾಜಕೀಯ ವಿಜ್ಞಾನಿಗಳು 2015ರಲ್ಲಿ ಲೆವಾಡಾ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಅರ್ಧ ಜನರಿಗೆ ಸ್ಟಾಲಿನ್, ಬ್ರೆಝ್ನೆವ್, ಯೆಲ್ಟ್ಸಿನ್ ಅಂತ ಅಲ್ಲಿನ ಹಳೆಯ ನಾಯಕರ ಮೂರು ಹೆಸರು ಕೊಟ್ಟರು. ಉಳಿದ ಅರ್ಧ ಜನರಿಗೆ ಅದೇ ಮೂರರ ಜೊತೆ ಪುಟಿನ್ ಹೆಸರು. ಇವರಲ್ಲಿ ಎಷ್ಟು ಜನರನ್ನು ಬೆಂಬಲಿಸುತ್ತೀರಿ ಅಂತ ಮಾತ್ರ ಕೇಳಿದರು. ಯಾರನ್ನು ಅಂತ ಕೇಳಲಿಲ್ಲ. ಮೊದಲ ಗುಂಪಿನ ಸರಾಸರಿ 1.4, ಎರಡನೆಯದರದ್ದು 2.2 ಬಂದರೆ, ನಡುವಿನ 0.8 ಪುಟಿನ್ ಅವರದ್ದು, ಅಂದರೆ ಶೇ. 80. (ಈ 1.4, 2.2 ನಾನು ಅರ್ಥ ಆಗಲಿ ಅಂತ ಹಾಕಿದ್ದು.) ಅವರಿಗೂ ಉತ್ತರ 80ರ ಆಸುಪಾಸಿನಲ್ಲೇ ಸಿಕ್ಕಿತು. ನೇರವಾಗಿ ಕೇಳಿದಾಗ ಬಂದದ್ದಕ್ಕಿಂತ ಕೆಲವು ಅಂಶ ಮಾತ್ರ ಕಡಿಮೆ. ಕೆಲವು ವರ್ಷಗಳ ನಂತರ ಮತ್ತೆ ಮಾಡಿದಾಗ ಅಂತರ ದೊಡ್ಡದಾಗಿ ಬಂತು, ಜೊತೆಗೆ ಈ ವಿಧಾನವನ್ನು ಬಳಸುವಾಗಲೂ ಎಚ್ಚರ ಬೇಕು ಅಂತ ಅವರೇ ಬರೆದರು.

ಆದರೆ ನನ್ನ ಮನಸ್ಸು ಒಪ್ಪದ ಒಂದು ಭಾಗ ಇದೆ. ಬೇರೆ ದಾರಿಯೇ ಕಾಣದ ಜಾಗದಲ್ಲಿ, ವಿರೋಧಿಗಳ ಮಾತು ಟೀವಿಯಲ್ಲಿ ಬರದ ಜಾಗದಲ್ಲಿ, ಒಬ್ಬರು ಮನಸಾರೆ 'ಮೆಚ್ಚುತ್ತೇನೆ' ಅಂದರೂ ಆ ಉತ್ತರ ಬೇರೆ ಥರದ್ದು. ಅದನ್ನು ಸ್ವತಂತ್ರ ಪತ್ರಿಕೆಗಳಿರುವ ದೇಶದ ಅಂಕಿಯ ಪಕ್ಕದಲ್ಲಿ ಒಂದೇ ಪಟ್ಟಿಯಲ್ಲಿ ಹಾಕಿ 'ಜಗತ್ತಿನ ನಂಬರ್ ಒನ್' ಅನ್ನೋದು ಸರಿಯಲ್ಲ.

ನೇರಮಾತು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಮೇಡಂ. ಆದರೂ ದುಡ್ಡು ಯಾರದ್ದು ಅನ್ನೋ ನನ್ನ ಪ್ರಶ್ನೆ ಹಾಗೇ ಇದೆ. ಇನ್ನೊಂದು, ಈ ಅಂಕಿ ಚೆನ್ನಾಗಿದ್ದರೆ ಚುನಾವಣೆ ಗೆದ್ದ ಹಾಗೇನಾ? ಪಕ್ಷದವರು ಹಾಗೇ ಹೇಳಿಕೊಂಡು ತಿರುಗುತ್ತಾರೆ.

ಬಾಗಿಲುತಟ್ಟಿದವಳು:

ನಿಮ್ಮ ಪ್ರಶ್ನೆ ಸರಿಯಾದದ್ದೇ. ದುಡ್ಡು ಯಾರದ್ದು ಅಂತ ಕೇಳಲೇಬೇಕು. ಪಕ್ಷಗಳು ತಮಗೋಸ್ಕರ ಮಾಡಿಸುವ ಸಮೀಕ್ಷೆ ಕೆಟ್ಟದ್ದಿರಬೇಕಾಗಿಲ್ಲ, ಅವರಿಗೂ ನಿಜ ಗೊತ್ತಾಗಬೇಕು. ಆದರೆ ಅವರು ಹೊರಗೆ ಬಿಡೋದು ತಮಗೆ ಅನುಕೂಲವಾದದ್ದನ್ನು ಮಾತ್ರ. ಪೂರ್ತಿ ಪ್ರಶ್ನಾವಳಿ ಸಿಗದಿದ್ದರೆ ಬಿಟ್ಟುಬಿಡಿ.

ಗೆದ್ದ ಹಾಗೇನಾ ಅಂದರೆ, ಖಂಡಿತ ಅಲ್ಲ. 1945ರ ಮೇ ತಿಂಗಳಲ್ಲಿ ಬ್ರಿಟನ್ನಿನ ಗ್ಯಾಲಪ್ ಸಮೀಕ್ಷೆಯಲ್ಲಿ ಚರ್ಚಿಲ್ ಮೆಚ್ಚುಗೆ ಶೇ. 83. ಜುಲೈನಲ್ಲಿ ಫಲಿತಾಂಶ ಬಂದಾಗ ಅವರ ಪಕ್ಷ ಹೀನಾಯವಾಗಿ ಸೋತಿತ್ತು. ಯುದ್ಧ ಗೆಲ್ಲಿಸಿದ ನಾಯಕನನ್ನು ಜನ ಮೆಚ್ಚಿದ್ದು ನಿಜ. ಯುದ್ಧದ ನಂತರ ಮನೆ, ಕೆಲಸ, ಆಸ್ಪತ್ರೆ ಯಾರು ಕೊಡುತ್ತಾರೆ ಅನ್ನೋ ಪ್ರಶ್ನೆಗೆ ಅವರು ಬೇರೆ ಉತ್ತರ ಕೊಟ್ಟರು. ಅಮೆರಿಕದಲ್ಲಿ ಹಿರಿಯ ಬುಷ್ ಅವರಿಗೆ 1991ರಲ್ಲಿ, ಕೊಲ್ಲಿ ಯುದ್ಧ ಮುಗಿದಾಗ, 89 ಇತ್ತು. ಮುಂದಿನ ವರ್ಷದ ಬೇಸಿಗೆಗೆ 29. ನವೆಂಬರ್‌ನಲ್ಲಿ ಸೋತರು. ಟ್ರೂಮನ್ 1945ರಲ್ಲಿ 87, 1952ರಲ್ಲಿ 22. ಯುದ್ಧ, ದಾಳಿ ಅಂದಾಗ ಜನ ನಾಯಕನ ಹಿಂದೆ ನಿಲ್ಲುತ್ತಾರೆ, ಆಮೇಲೆ ನಿಧಾನಕ್ಕೆ ಕರಗುತ್ತಾರೆ ಅನ್ನೋದನ್ನು ಜಾನ್ ಮುಲ್ಲರ್ ಅನ್ನುವ ವಿದ್ವಾಂಸ 1970ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಪುಸ್ತಕದಹುಳ:

ಕೊನೆಯ ಪ್ರಶ್ನೆ. ಲೇಖನದಲ್ಲಿ ಒಂದು ಅಂಕಿ ಕೊಡುವಾಗ ಅದರ ಜೊತೆ ಏನೇನು ಬರೆಯಬೇಕು? ಜಾಗ ಕಡಿಮೆ ಇದೆ.

ಬಾಗಿಲುತಟ್ಟಿದವಳು:

ಸಂಸ್ಥೆಯ ಹೆಸರು, ಎಷ್ಟು ಜನ, ಮನೆಗೆ ಹೋಗಿ ಕೇಳಿದ್ದಾ ಫೋನಾ ಆನ್‌ಲೈನಾ, ಪ್ರಶ್ನೆ ಪೂರ್ತಿ, 'ಗೊತ್ತಿಲ್ಲ' ಎಷ್ಟು. ಎರಡು ಸಾಲಿನಲ್ಲಿ ಹಿಡಿಸುತ್ತೆ. ಜಾಗ ಸಾಲದಿದ್ದರೆ ಒಂದು ಅಂಕಿಯನ್ನೇ ಬಿಡಿ, ಇದನ್ನು ಬಿಡಬೇಡಿ.

ಮತ್ತೆ ತಾರೀಖು. ಸಮೀಕ್ಷೆ ಪ್ರಕಟವಾದ ದಿನ ಅಲ್ಲ, ಜನರನ್ನು ಕೇಳಿದ ದಿನಗಳು. ಕಿರಿಯ ಬುಷ್ ಅವರಿಗೆ 2001ರ ಸೆಪ್ಟೆಂಬರ್ 7ರಿಂದ 10ರವರೆಗೆ ಗ್ಯಾಲಪ್ ಕೇಳಿದಾಗ 51 ಬಂತು. 11ರಂದು ಉಗ್ರರ ದಾಳಿ ಆದ ಮೇಲೆ, ಅದೇ ತಿಂಗಳ 21, 22ರಂದು ಕೇಳಿದಾಗ 90. ಎರಡಕ್ಕೂ 'ಸೆಪ್ಟೆಂಬರ್ 2001' ಅಂತ ಬರೆದರೆ ಓದುವವರಿಗೆ ಏನು ತಿಳಿಯುತ್ತೆ ಹೇಳಿ.